ಲೆಟಾರ್ಟ್ ಹೊಳೆಯ ಜಿಗಿಹುಳು
ಕಾರ್ಲೈಲ್, ಪೆನ್ಸಿಲ್ವೇನಿಯಾ
17 ಆಗಸ್ಟ್ 2024, ಶನಿವಾರ

ನೀರಿನಲ್ಲೇ ಬೆಳೆದು ಮೇಲೇಳುವ ಮೇಫ್ಲೈಗಳು ಬೇಸಿಗೆಯ ಈ ದಿನಗಳಲ್ಲಿ ಕಡಿಮೆಯಾಗುವುದರಿಂದ, ಲೆಟಾರ್ಟ್ ಹೊಳೆಯ ಬ್ರೌನ್ ಟ್ರೌಟ್ ಮೀನುಗಳು ದಡದ ಹುಲ್ಲಿನಿಂದ ಜಾರಿ ಬೀಳುವ ಇರುವೆ, ದುಂಬಿ, ಮಿಡತೆಗಳಿಗಾಗಿ ಅಂಚಿನಲ್ಲೇ ಕಾದು ನಿಲ್ಲುತ್ತವೆ. ಸುಣ್ಣಕಲ್ಲಿನ ಒರತೆಗಳಿಂದ ಹುಟ್ಟುವ ಹೊಳೆಯಾದ್ದರಿಂದ ಆಗಸ್ಟ್ ಸೆಕೆಯಲ್ಲೂ ನೀರು ತಣ್ಣಗಿರುತ್ತದೆ, ಮೀನುಗಳೂ ಚುರುಕಾಗಿರುತ್ತವೆ.

ಇಂದು ಮಧ್ಯಾಹ್ನ ಪಾಚಿಯ ಪಕ್ಕದಲ್ಲಿ ಒಂದು ಮೀನು ಬಳೆಯಗಲದ ಅಲೆ ಎಬ್ಬಿಸುತ್ತ ಏನನ್ನೋ ಹೀರುತ್ತಿತ್ತು. ನೀರಿನ ಮೇಲೆ ಕಣ್ಣಿಗೇನೂ ಕಾಣಲಿಲ್ಲವಾದರೂ, ಕೆಳಹರಿವಿನಲ್ಲಿ ಸಣ್ಣ ಬಲೆಯನ್ನು ಅಡ್ಡ ಹಿಡಿದಾಗ ಅಕ್ಕಿಕಾಳಿಗಿಂತ ಚಿಕ್ಕ ಹಸಿರು ಜಿಗಿಹುಳುಗಳು ಸಿಕ್ಕವು. ಇದೇ ದಡದಲ್ಲಿ ಮಲಗಿ ನೀರನ್ನು ಗಮನಿಸಿದ ಗಾಳಗಾರ ವಿನ್ಸೆಂಟ್ ಮರಿನಾರೊ, ಗೆಳೆಯ ಚಾರ್ಲ್ಸ್ ಫಾಕ್ಸ್ ಜೊತೆಗೂಡಿ ಇಂಥ ಹುಳುಗಳಿಗಾಗಿ ಜಾಸಿಡ್ ಎಂಬ ಡ್ರೈ ಫ್ಲೈ (ಕೊಕ್ಕೆಗೆ ಗರಿ ಕಟ್ಟಿ ಮಾಡಿದ, ನೀರಿನ ಮೇಲೆ ತೇಲುವ ನಕಲಿ ಹುಳು) ರೂಪಿಸಿ, 1950ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅದರ ಹಿಂದಿನ ತರ್ಕವನ್ನು ವಿವರಿಸಿದರು. ಮೀನು ಹುಳುವನ್ನು ಕೆಳಗಿನಿಂದ, ಆಕಾಶದ ಬೆಳಕಿಗೆ ಎದುರಾಗಿ ನೋಡುವುದರಿಂದ ಅದಕ್ಕೆ ಹುಳುವಿನ ದಪ್ಪ ತಿಳಿಯುವುದಿಲ್ಲ. ತಿಳಿಯುವುದು ಉದ್ದಗಲ ಮತ್ತು ಬೆಳಕನ್ನು ತಡೆಯುವ ಕಪ್ಪು ಆಕಾರ ಮಾತ್ರ. ಆದ್ದರಿಂದ ಕೊಕ್ಕೆಗೆ ಸುತ್ತಿದ ಗರಿಯ ಎಳೆಗಳನ್ನು ಮೇಲೆ ಕೆಳಗೆ ಕತ್ತರಿಸಿ, ಬೆನ್ನ ಮೇಲೆ ಒಂದೇ ಒಂದು ಗರಿಯನ್ನು ಚಪ್ಪಟೆಯಾಗಿ ಕಟ್ಟಿದರೆ ಸಾಕು.

ಆ ಗರಿ ನಮ್ಮ ಪಶ್ಚಿಮಘಟ್ಟದ ಕಾಡುಕೋಳಿಯದು. ಹುಂಜದ ಕತ್ತಿನ ಗರಿಗಳಲ್ಲಿರುವ, ಮೇಣ ಮೆತ್ತಿದಂಥ ಹೊಳೆಯುವ ಚುಕ್ಕೆಗಾಗಿ ಫ್ಲೈ ಕಟ್ಟುವವರು ಅದನ್ನು ಬಹುಕಾಲದಿಂದ ಬಯಸಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಭಾರತದಲ್ಲಿ ಈ ಹಕ್ಕಿಗೆ ರಕ್ಷಣೆ ನೀಡಿದೆ. ಇಲ್ಲಿ ಅಮೆರಿಕದಲ್ಲಿ ಮಾರಾಟವಾಗುವುದು ಭಾರತದ ಹೊರಗೆ ಸಾಕಿದ ಹಕ್ಕಿಗಳ ಗರಿ, ಬೆಲೆಯೂ ಹೆಚ್ಚು. ಆದರೆ ಮರಿನಾರೊ ಅವರ ತರ್ಕವನ್ನೇ ಹಿಡಿದು ಹೊರಟರೆ, ಆಕಾಶದ ಕಡೆಗಿರುವ ಆ ಚೆಲುವಾದ ಚುಕ್ಕೆ ಮೀನಿಗೆ ಕಾಣುವುದೇ ಇಲ್ಲ. ಆದ್ದರಿಂದ ನಾನು ಸಾಕುಕೋಳಿಯ ಕಪ್ಪು ಗರಿಗೆ ವಾರ್ನಿಷ್ ಹಚ್ಚಿ, ಉಗುರಿನಾಕಾರಕ್ಕೆ ಕತ್ತರಿಸಿ, 22ನೇ ನಂಬರಿನ ಕೊಕ್ಕೆಗೆ ಕಟ್ಟುತ್ತೇನೆ.

ಪಾಚಿಯ ಸಾಲುಗಳ ನಡುವೆ ಪ್ರತಿ ಸೆಳವಿನ ವೇಗವೂ ಬೇರೆಯಾಗಿರುವುದರಿಂದ, ದಾರ ಎಳೆದು ಫ್ಲೈ ಅಡ್ಡ ಜಾರಿದರೆ ಮೀನು ಮುಳುಗಿಬಿಡುತ್ತದೆ. ತುದಿಯ ಸಣ್ಣ ಎಳೆಯನ್ನು ಉದ್ದ ಬಿಟ್ಟು, ಮೀನಿನಿಂದ ಮೊಳದಷ್ಟು ಮೇಲ್ಹರಿವಿನಲ್ಲಿ ಸಡಿಲವಾಗಿ ಬೀಳುವಂತೆ ಎಸೆದಾಗ ಅದು ಅವಸರವಿಲ್ಲದೆ ಮೂತಿ ಎತ್ತಿ ಫ್ಲೈಯನ್ನು ಹೀರಿಕೊಂಡಿತು. ಕೈ ಒದ್ದೆ ಮಾಡಿಕೊಂಡು, ನೀರಿನಿಂದ ಎತ್ತದೆಯೇ ಕೊಕ್ಕೆ ಬಿಡಿಸಿ ಮೀನನ್ನು ಬಿಟ್ಟೆ; ಕಾಡುಕೋಳಿಯ ಗರಿಯಿಲ್ಲದ ಆ ಫ್ಲೈ ಸಂಜೆ ಇನ್ನೊಂದು ಮೀನಿಗೂ ಒಪ್ಪಿಗೆಯಾಯಿತು.