ಗೋವಾದ ಪಾಳುಮನೆ ನೋಡಲು ಹೊರಟವರಿಗೆ: ಮಹಡಿ ಹತ್ತುವ ಮುಂಚೆ ಅದರ ಕೆಳಗೆ ನೋಡಿ

ಬೀಚು, ಕ್ರೂಸು, ಕ್ಯಾಸಿನೊ ಬಗ್ಗೆ ಇಲ್ಲಿ ಏನೂ ಇಲ್ಲ. ದಕ್ಷಿಣ ಗೋವಾದ ಸಾಸಷ್ಟಿ (ಸಾಲ್ಸೆಟ್) ತಾಲೂಕಿನ ಊರುಗಳಲ್ಲಿ ಬೀಗ ಬಿದ್ದು ನಿಂತಿರುವ ಹಳೆಯ ದೊಡ್ಡ ಮನೆಗಳು, ಕಾಬೊ ದೆ ರಾಮಾ ಕೋಟೆ, ಓಲ್ಡ್ ಗೋವಾದ ಅವಶೇಷಗಳು, ಇವನ್ನೇ ನೋಡಬೇಕೆಂದು ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನಿಂದ ಕ್ಯಾಮೆರಾ ಹೆಗಲಿಗೇರಿಸಿ ಬರುವವರಿಗೆ ಇದು.

ಇಷ್ಟೆಲ್ಲ ಬರೆಯಬೇಕಾಗಿ ಬಂದದ್ದು ಇಲ್ಲಿ ಶುರುವಾಗಿರುವ ಒಂದು ದಂಧೆಯಿಂದ. "ಭೂತದ ಬಂಗ್ಲೆ" ತೋರಿಸುತ್ತೇವೆಂದು ತಲೆಗೆ 1500 ರೂಪಾಯಿ ಕಿತ್ತುಕೊಂಡು, ರಾತ್ರಿ ಊಟದ ನಂತರ ಹತ್ತು ಹನ್ನೆರಡು ಜನರನ್ನು ಒಟ್ಟಿಗೆ ಮರದ ಮಹಡಿಗೆ ಹತ್ತಿಸುತ್ತಾರೆ. ಹೆಲ್ಮೆಟ್ ಇಲ್ಲ, ಮನೆಯವರ ಒಪ್ಪಿಗೆ ಇಲ್ಲ, ಟಾರ್ಚ್ ಒಬ್ಬನ ಕೈಲಿ ಮಾತ್ರ. ಕೇಳಿದರೆ "ಗೋಡೆ ಪಕ್ಕ ನಡೀರಿ, ಅಲ್ಲಿ ನೆಲ ಗಟ್ಟಿ ಇರುತ್ತೆ" ಎನ್ನುತ್ತಾರೆ. ಯೂಟ್ಯೂಬಿನಲ್ಲೂ ಇದೇ ಬುದ್ಧಿಮಾತು. ಹಳೆಮನೆ ರಿಪೇರಿ ಕೆಲಸದಲ್ಲಿರುವ ಯಾವ ಗೌಂಡಿಯೂ ಈ ಮಾತನ್ನು ಕಣ್ಣುಮುಚ್ಚಿ ಒಪ್ಪುವುದಿಲ್ಲ.

ಲೆಕ್ಕದ ಪ್ರಕಾರ ಗೋಡೆ ಪಕ್ಕ ನಡೆಯುವ ಮಾತು ಸರಿಯೇ. ತೊಲೆ ಹೆಚ್ಚು ಬಾಗುವುದು ನಡುವಿನಲ್ಲಿ, ಆಧಾರದ ಹತ್ತಿರ ಕಡಿಮೆ. ಆದರೆ ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಸೂರಿನ ಎರಡು ಹೆಂಚು ಜಾರಿದರೆ ಸಾಕು, ನೀರು ಗೋಡೆಯ ತಲೆಗೆ ಇಳಿಯುತ್ತದೆ. ಗೋಡೆ ಮುರಕಲ್ಲಿನದು (ಕೆಂಪು ಜಂಬಿಟ್ಟಿಗೆ ಕಲ್ಲು), ಒಳಗೆ ಮಣ್ಣಿನ ಗಾರೆ; ಕುಡಿದ ನೀರನ್ನು ಅದು ತಿಂಗಳುಗಟ್ಟಲೆ ಬಿಡುವುದಿಲ್ಲ. ತೊಲೆಯ ತುದಿ ಕೂತಿರುವುದು ಅದೇ ಗೋಡೆಯ ಗೂಡಿನಲ್ಲಿ, ಗಾಳಿಯಾಡದ ಜಾಗದಲ್ಲಿ. ಮರದ ತೇವ ಶೇ. 20 ದಾಟಿತೆಂದರೆ ಶಿಲೀಂಧ್ರ ಹಿಡಿಯುತ್ತದೆ, ಹಿಂದೆಯೇ ಗೆದ್ದಲು. ಹೀಗಾಗಿ ತೊಲೆಯ ನಡುಭಾಗ ಇನ್ನೂ ಕಪ್ಪಗೆ ಮಿರುಗುತ್ತಿರುತ್ತದೆ. ಗೋಡೆಯೊಳಕ್ಕೆ ಹೋಗುವ ಕೊನೆಯ ಗೇಣನ್ನು ಹೆಬ್ಬೆರಳಿನಿಂದ ಒತ್ತಿದರೆ ಒದ್ದೆ ಕಾಫಿ ಚರಟದ ಹಾಗೆ ಕುಸಿಯುತ್ತದೆ. ಹೊರಗೋಡೆ ಪಕ್ಕ ನಡೆದವರು ನಡೆದದ್ದು ಆ ತುದಿಯ ಮೇಲೆ.

ಆದ್ದರಿಂದ ಮೊದಲ ನಿಯಮ: ಯಾವ ನೆಲವನ್ನೂ ಕೆಳಗಿನಿಂದ ನೋಡದೆ ಮೇಲಿನಿಂದ ತುಳಿಯಬೇಡಿ. ಕೆಳಗಿನ ಕೋಣೆಗೆ ಹೋಗಿ, ಬಾಗಿಲ ಚೌಕಟ್ಟಿನಲ್ಲೇ ನಿಂತು, ಟಾರ್ಚನ್ನು ಓರೆಯಾಗಿ ಹಿಡಿದು ಪ್ರತಿ ತೊಲೆಯ ಎರಡೂ ತುದಿ ನೋಡಿ. ಗೋಡೆ ಸೇರುವಲ್ಲಿ ಕಪ್ಪು ಅಥವಾ ಬಿಳಿ ಕಲೆ, ಗೆದ್ದಲಿನ ಮಣ್ಣಿನ ಕೊಳವೆ, ತೊಲೆಯ ಕೆಳಗೆ ಹೊಸದಾಗಿ ಉದುರಿದ ಪುಡಿ, ತೊಲೆ ಒಂದು ಬೆರಳಷ್ಟಾದರೂ ಕೆಳಗೆ ಜಾರಿದ ಗುರುತು, ಇದರಲ್ಲಿ ಒಂದಿದ್ದರೂ ಆ ಮಹಡಿ ನಿಮಗಲ್ಲ. ಹಲಗೆಯ ಛಾವಣಿ ಹೊಡೆದು ತೊಲೆ ಮುಚ್ಚಿದ್ದಾರೆಯೇ? ಆಗ ನೋಡಲು ದಾರಿಯಿಲ್ಲ, ಹತ್ತಲೂ ದಾರಿಯಿಲ್ಲ ಎಂದೇ ತಿಳಿಯಿರಿ. ಮನೆಯ ನಡುಗೋಡೆಗೆ ಮಳೆ ತಾಗುವುದಿಲ್ಲವಾದ್ದರಿಂದ ಅಲ್ಲಿನ ತುದಿಗಳು ಸಾಮಾನ್ಯವಾಗಿ ಚೆನ್ನಾಗಿರುತ್ತವೆ. ನಡೆಯಲೇಬೇಕೆಂದರೆ ಆ ಬದಿ. ಎತ್ತರದ ಪಾಯದ ಮೇಲೆ ಕಟ್ಟಿದ ಮನೆಗಳಲ್ಲಿ ಕೆಳಗಿನ ಅಂತಸ್ತಿನ ಹಲಗೆಯ ಅಡಿಯೂ ಪೊಳ್ಳಿರುತ್ತದೆ, ಹಾಗಾಗಿ "ಇದು ನೆಲಮಟ್ಟ ತಾನೇ" ಎಂಬ ಧೈರ್ಯ ಬೇಡ.

ಇನ್ನು ಒಳಗೆ ಹೋಗುವ ಹಕ್ಕಿನ ವಿಷಯ. ಈ ಮನೆಗಳು ಖಾಲಿ ಇವೆ, ಅನಾಥವಲ್ಲ. ಗೋವಾದಲ್ಲಿ ಪೋರ್ಚುಗೀಸ್ ಕಾಲದ ನಾಗರಿಕ ಸಂಹಿತೆಯಂತೆ ಮಕ್ಕಳೆಲ್ಲರಿಗೂ ಆಸ್ತಿಯಲ್ಲಿ ಪಾಲು. ಪಾಲುದಾರರು ಲಿಸ್ಬನ್, ಲಂಡನ್, ಕೊಲ್ಲಿ ದೇಶ ಎಂದು ಚದುರಿದ್ದಾರೆ, ಎಲ್ಲರ ಸಹಿ ಒಂದಾಗದೆ ರಿಪೇರಿ ನಿಂತಿದೆ. ಬೀಗದ ಕೈ ಪಕ್ಕದ ಮನೆಯವರ ಬಳಿಯೋ, ಅದೇ ಜಾಗದಲ್ಲಿ ತಲೆಮಾರಿನಿಂದ ವಾಸವಿರುವ ಮುಂಡ್ಕಾರರ ಬಳಿಯೋ ಇರುತ್ತದೆ. ಕೇಳದೆ ನುಗ್ಗಿದರೆ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮಿನ ಅತಿಕ್ರಮಣ. ಕೇಳಿದರೆ ಲಾಭವೂ ಇದೆ: ಯಾವ ಕೋಣೆಯ ಹೆಂಚು ಯಾವ ಮಳೆಗಾಲದಲ್ಲಿ ಹೋಯಿತು ಎಂಬುದು ಅವರಿಗೆ ಬಾಯಿಪಾಠ. ಅಷ್ಟು ಗೊತ್ತಾದರೆ ಅರ್ಧ ತಪಾಸಣೆ ಮುಗಿದಂತೆ.

ಇದನ್ನೆಲ್ಲ ಕೇಳಲು ನಮ್ಮವರಿಗೊಂದು ಒಳ್ಳೆಯ ಜಾಗವೂ ಇದೆ. ಗೋವಾದ ಕಟ್ಟಡ ಕೆಲಸದಲ್ಲಿ ವಿಜಯಪುರ, ಬಾಗಲಕೋಟೆ, ಗದಗ ಕಡೆಯವರು ತುಂಬಾ ಇದ್ದಾರೆ. ಅವರು ಊಟಕ್ಕೆ ಬರುವ ಖಾನಾವಳಿಗಳು ಮಡಗಾವ್, ವಾಸ್ಕೊ ಮಾರ್ಕೆಟಿನ ಒಳಗಲ್ಲಿಗಳಲ್ಲಿವೆ. ಹೆಚ್ಚಿನವಕ್ಕೆ ಬೋರ್ಡೂ ಇಲ್ಲ, ರೊಟ್ಟಿ ಬಡಿಯುವ ಸದ್ದೇ ಗುರುತು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮೇಲೆ ಕೆನೆಮೊಸರು. ರೊಟ್ಟಿ ಸಾಕೆಂದರೂ ಇನ್ನೊಂದು ತಟ್ಟೆಗೆ ಬೀಳುತ್ತದೆ. ಬೀಚಿನ ಶ್ಯಾಕಿನಲ್ಲಿ ಒಂದು ಪ್ಲೇಟ್ ಫ್ರೈಗೆ ಕೊಡುವ ದುಡ್ಡಿನಲ್ಲಿ ಇಲ್ಲಿ ಇಬ್ಬರು ಹೊಟ್ಟೆ ತುಂಬ ಉಣ್ಣಬಹುದು. ಮಧ್ಯಾಹ್ನ ಒಂದರಿಂದ ಎರಡರ ಹೊತ್ತಿಗೆ ಹೋಗಿ, ಪಕ್ಕ ಕೂತ ಗೌಂಡಿಗೆ "ಅಣ್ಣಾರ, ಆ ಊರಾಗಿನ ಹಳೀ ಮನಿ ಮಾಳಿಗಿ ಹೆಂಗೈತ್ರಿ" ಎಂದು ಕೇಳಿ. ಅವರು ಬೇಡ ಎಂದರೆ ಬೇಡವೇ.

ಮಹಡಿಯ ಮೇಲೆ ಕಾಲಿಟ್ಟ ಮೇಲೆ ಕಣ್ಣು ಇರಬೇಕಾದ್ದು ಮೊಳೆಯ ಸಾಲಿನ ಮೇಲೆ. ಹಲಗೆಯ ಮೇಲೆ ಮೊಳೆಗಳು ಒಂದೇ ಗೆರೆಯಲ್ಲಿದ್ದರೆ ಅದರ ಕೆಳಗೆ ಜಂತಿ (ಹಲಗೆ ಹೊರುವ ಅಡ್ಡಮರ) ಇದೆ. ಹೆಜ್ಜೆ ಆ ಗೆರೆಯ ಮೇಲೇ ಬೀಳಲಿ. ನಾಲ್ಕಡಿ ಉದ್ದದ ಬಿದಿರಿನ ಕೋಲಿನಿಂದ ಮುಂದೆ ತಟ್ಟುತ್ತಾ ಹೋಗಿ. ಗಟ್ಟಿ ಮರ ಟಣ್ ಎನ್ನುತ್ತದೆ, ಗೆದ್ದಲು ತಿಂದ ಮರ ಪೊಳ್ಳು ಸದ್ದು ಕೊಡುತ್ತದೆ. ಭಾರ ಹಿಂದಿನ ಕಾಲಿನಲ್ಲೇ ಇರಲಿ. ಮುಂದಿನ ಕಾಲನ್ನು ಊರಿ, ಮೂರು ಎಣಿಸುವಷ್ಟು ಹೊತ್ತು ಒತ್ತಿ ನೋಡಿ, ಆಮೇಲೆ ಭಾರ ಸರಿಸಿ. ಒಂದು ಕೋಣೆಗೆ ಒಮ್ಮೆಗೆ ಒಬ್ಬರೇ, ಉಳಿದವರು ಬಾಗಿಲಲ್ಲಿ. ಜಿಗಿದರೆ ನೆಲಕ್ಕೆ ಬೀಳುವ ಪೆಟ್ಟು ದೇಹದ ತೂಕದ ಎರಡು ಮೂರು ಪಟ್ಟು, ಆದ್ದರಿಂದ ರೀಲ್ಸ್‌ಗೆಂದು ಕುಣಿಯುವುದು ಸಾವಿನ ಜೊತೆ ಚೆಲ್ಲಾಟ.

ಕಸದ ರಾಶಿ ತುಳಿಯಬೇಡಿ. ಮಂಗಳೂರು ಹೆಂಚು ಒಂದೊಂದು ಎರಡು ಕೆಜಿಗೂ ಮಿಕ್ಕಿ ತೂಗುತ್ತದೆ, ಒಂದು ಚದರ ಮೀಟರ್ ಛಾವಣಿಗೆ ಸುಮಾರು 15 ಹೆಂಚು. ಹತ್ತು ಚದರ ಮೀಟರ್ ಛಾವಣಿ ಕುಸಿದು ಒಂದು ಮೂಲೆಯಲ್ಲಿ ಗುಡ್ಡೆಯಾದರೆ ಮುನ್ನೂರು ಕೆಜಿಗೂ ಹೆಚ್ಚು ಭಾರ, ಹೆಂಚು ಹೊರುವ ಮರದ ರೀಪು ಪಕ್ಕಾಸಿನ ತೂಕ ಬೇರೆ. ವಾಸದ ಮನೆಯ ನೆಲಕ್ಕೆ ಇಂಜಿನಿಯರುಗಳು ಹಿಡಿಯುವ ಲೆಕ್ಕವೇ ಚದರ ಮೀಟರಿಗೆ ಸುಮಾರು 200 ಕೆಜಿ, ಅದೂ ಮರ ಗಟ್ಟಿ ಇದ್ದಾಗ. ಆ ಗುಡ್ಡೆ ಹೊತ್ತು ಸುಸ್ತಾದ ನೆಲಕ್ಕೆ ನಿಮ್ಮ ಎಪ್ಪತ್ತು ಕೆಜಿ ಕೊನೆಯ ನೆಪ. ಹಳೆಯ ಚಾಪೆ, ಲಿನೋಲಿಯಂ, ಬಾವಲಿ ಹಿಕ್ಕೆ, ಒಣಗಿದ ಎಲೆ, ಇವೂ ತೂತು ಮುಚ್ಚಿಟ್ಟುಕೊಂಡಿರುತ್ತವೆ.

ಮರದ ಮೆಟ್ಟಿಲಲ್ಲಿ ಎಲ್ಲರೂ ಮೆಟ್ಟಿಲ ಹಲಗೆಯನ್ನೇ ನೋಡುತ್ತಾರೆ. ನೋಡಬೇಕಾದ್ದು ಎರಡು ಬದಿಯಲ್ಲಿ ಓರೆಯಾಗಿ ಹೋಗುವ ದಪ್ಪ ಹಲಗೆಗಳನ್ನು, ಏಕೆಂದರೆ ಮೆಟ್ಟಿಲುಗಳೆಲ್ಲ ನೇತಾಡುತ್ತಿರುವುದು ಅವುಗಳ ಮೇಲೆ. ಅವುಗಳ ಬುಡ ನೆಲಕ್ಕೆ ತಾಗುವಲ್ಲಿ ತೇವ ಏರುತ್ತದೆ, ಗೆದ್ದಲು ಅಲ್ಲಿಂದಲೇ ಹತ್ತುತ್ತದೆ. ಅವುಗಳ ಮೇಲಿನ ತುದಿ ಮಹಡಿಯ ತೊಲೆಗೆ ಸೇರುವಲ್ಲಿ ಸಂದು ಬಿಟ್ಟಿದೆಯೇ ನೋಡಿ. ಮೆಟ್ಟಿಲಿಗೂ ಗೋಡೆಗೂ ನಡುವೆ ಬೆರಳು ತೂರುವಷ್ಟು ಬಿರುಕಿದ್ದರೆ ಇಡೀ ಮೆಟ್ಟಿಲಸಾಲು ಕೆಳಗಿಳಿಯಲು ಶುರುಮಾಡಿದೆ ಎಂದರ್ಥ. ಹತ್ತುವಾಗ ಮೆಟ್ಟಿಲಿನ ಬದಿಗೆ ಕಾಲಿಡಿ, ನಡುವೆ ಬೇಡ. ಪಕ್ಕದ ಕಟಕಟೆಯನ್ನು (ರೇಲಿಂಗ್) ಮುಟ್ಟಿಕೊಂಡಿರಿ, ಅದಕ್ಕೆ ಭಾರ ಕೊಡಬೇಡಿ. ಇಳಿಯುವುದೇ ಹೆಚ್ಚು ಅಪಾಯ, ಏಕೆಂದರೆ ಪ್ರತಿ ಹೆಜ್ಜೆಯೂ ಧೊಪ್ಪನೆ ಬೀಳುತ್ತದೆ. ಕಡಿದಾದ ಮೆಟ್ಟಿಲನ್ನು ಏಣಿ ಇಳಿದಂತೆ, ಮೆಟ್ಟಿಲಿಗೇ ಮುಖಮಾಡಿ, ಹಿಂದು ಹಿಂದಕ್ಕೆ ಇಳಿಯಿರಿ.

ಕಲ್ಲಿನ ಮೆಟ್ಟಿಲೆಂದರೆ ಶಾಶ್ವತ ಎಂಬ ನಂಬಿಕೆ ಬಿಡಿ. ಒಂದು ತುದಿ ಮಾತ್ರ ಗೋಡೆಯಲ್ಲಿ ಹುದುಗಿ, ಇನ್ನೊಂದು ತುದಿ ಗಾಳಿಯಲ್ಲಿರುವ ಮೆಟ್ಟಿಲುಗಳಲ್ಲಿ ಪ್ರತಿಯೊಂದೂ ತನ್ನ ಕೆಳಗಿನದರ ಮೇಲೆ ಒರಗಿರುತ್ತದೆ. ನಡುವೆ ಒಂದು ಬಿದ್ದಿದ್ದರೆ ಅದರ ಮೇಲಿನವಕ್ಕೆಲ್ಲ ಆಧಾರ ತಪ್ಪಿದೆ. ಬಿದ್ದದ್ದನ್ನು ದಾಟಿ ಮೇಲಿನದಕ್ಕೆ ಕಾಲು ಚಾಚುವವರು ನಿಖರವಾಗಿ ತಪ್ಪು ಕಲ್ಲನ್ನೇ ಆರಿಸಿಕೊಂಡಿರುತ್ತಾರೆ. ಮುರಕಲ್ಲಿನ ಮೆಟ್ಟಿಲಿನ ಅಂಚು ಮಳೆಗೆ ನುಣ್ಣಗಾಗಿ ಮುಂದಕ್ಕೆ ಇಳಿಜಾರಾಗಿರುತ್ತದೆ, ತೇವದಲ್ಲಿ ಪಾಚಿ. ಸುರುಳಿ ಮೆಟ್ಟಿಲಲ್ಲಿ ಹೊರಗೋಡೆ ಕಡೆಯ ಅಗಲ ಭಾಗವೇ ನಿಮ್ಮ ದಾರಿ.

ಕೈಬಿಟ್ಟ ಕಟ್ಟಡ ಎಷ್ಟು ಬೇಗ ಬೀಳುತ್ತದೆ ಎಂದು ತಿಳಿಯಬೇಕಾದರೆ ಓಲ್ಡ್ ಗೋವಾದ ಸಂತ ಅಗಸ್ಟಿನ್ ಗೋಪುರದ ಬಳಿ ಹೋಗಿ. 1602ರಲ್ಲಿ ಮುಗಿದ ಇಗರ್ಜಿ (ಚರ್ಚ್). 1835ರಲ್ಲಿ ಧಾರ್ಮಿಕ ಸಂಘಗಳನ್ನು ಹೊರಹಾಕಿದ ಮೇಲೆ ಖಾಲಿಯಾಯಿತು. 1842ರಲ್ಲೇ ಕಮಾನು ಛಾವಣಿ ಕುಸಿಯಿತು. ಇನ್ನೂರಕ್ಕೂ ಹೆಚ್ಚು ವರ್ಷ ನಿಂತದ್ದು, ನೋಡುವವರಿಲ್ಲದೆ ಏಳೇ ವರ್ಷ. 1931ರಲ್ಲಿ ಮುಂಭಾಗವೂ ಗೋಪುರದ ಅರ್ಧವೂ ಬಿದ್ದವು. ಉಳಿದ ಗೋಪುರದ ಎತ್ತರ 46 ಮೀಟರ್. ಪುರಾತತ್ವ ಇಲಾಖೆಯ ಸುಪರ್ದಿಯಲ್ಲಿರುವುದರಿಂದ ಅಡ್ಡಾಡಲು ದಾರಿ ಗೊತ್ತುಮಾಡಿದ್ದಾರೆ. ಇಡೀ ಪ್ರವಾಸದಲ್ಲಿ ಒಂದೇ ಜಾಗ ನೋಡುವುದಿದ್ದರೆ ಇದನ್ನೇ ನೋಡಿ. ಜನಜಂಗುಳಿ ತಪ್ಪಿಸಲು ಬೆಳಿಗ್ಗೆ ಬೇಗ.

ಕಾಬೊ ದೆ ರಾಮಾ ಒಂದು ಕಾಲಕ್ಕೆ ನಮ್ಮ ಸೋದೆ ಅರಸರದ್ದು, ಆಮೇಲೆ ಪೋರ್ಚುಗೀಸರದ್ದು, 1955ರವರೆಗೆ ಜೈಲು. ಅಲ್ಲಿ ಮಹಡಿಯ ಚಿಂತೆ ಕಡಿಮೆ. ಹೆದರಬೇಕಾದ್ದು ಸಮುದ್ರದ ಕಡೆಯ ಗೋಡೆಯಂಚಿಗೆ. ಅದರ ಮೇಲೆ ಕೂತು ಫೋಟೊ ಬೇಡ.

ಅರ್ಧಕ್ಕೆ ನಿಂತ ಕಾಂಕ್ರೀಟ್ ಹೋಟೆಲುಗಳು ನನ್ನ ಲೆಕ್ಕದಲ್ಲಿ ಹಳೆಮನೆಗಿಂತ ಕೆಟ್ಟವು. ಉಪ್ಪುಗಾಳಿಗೆ ಕಂಬಿ ತುಕ್ಕು ಹಿಡಿದು ಹಲವು ಪಟ್ಟು ಉಬ್ಬುತ್ತದೆ, ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಸ್ಲ್ಯಾಬಿನ ಅಡಿ ಕಂಬಿ ಕಾಣುತ್ತಿದ್ದರೆ ಅದರ ಮೇಲೂ ಹೋಗಬೇಡಿ, ಕೆಳಗೂ ನಿಲ್ಲಬೇಡಿ. ಬಾಲ್ಕನಿಯದು ಇನ್ನೂ ಮೋಸ: ಹೊರಚಾಚಿದ ಸ್ಲ್ಯಾಬಿನಲ್ಲಿ ಭಾರ ಹೊರುವ ಕಂಬಿ ಇರುವುದು ಮೇಲ್ಭಾಗದಲ್ಲಿ, ಹಾಗಾಗಿ ಅದು ಕೊಳೆತರೂ ಕೆಳಗಿನಿಂದ ಏನೂ ಕಾಣದು. ಲಿಫ್ಟಿನ ಬಾವಿಗೆ ಬಾಗಿಲಿರುವುದಿಲ್ಲ, ಸಂಪಿನ ಬಾಯಿಗೆ ಪ್ಲೈವುಡ್ ತುಂಡು ಮುಚ್ಚಿರುತ್ತಾರೆ. ಹಳೆಮನೆಗಳ ಹಿತ್ತಲಿನ ಬಾವಿಯೂ ಬಳ್ಳಿ ಮುಚ್ಚಿ ಕಾಣದೆ ಇರುತ್ತದೆ.

ಹೋಗುವುದಾದರೆ ಜನವರಿಯಿಂದ ಮಾರ್ಚ್. ಮಳೆ ನಿಂತ ಕೂಡಲೇ ಅಕ್ಟೋಬರಿನಲ್ಲಿ ಹಸಿರು ಚೆಂದ ಕಾಣುತ್ತದೆ, ಆದರೆ ಗೋಡೆ ಇನ್ನೂ ನೀರು ತುಂಬಿಕೊಂಡೇ ಇರುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಒಳಹೊಕ್ಕು ಮೂರರೊಳಗೆ ಹೊರಗಿರಿ. ಗದ್ದದ ಪಟ್ಟಿಯಿರುವ ಹೆಲ್ಮೆಟ್, ಮೊಳೆ ತೂರದ ಗಟ್ಟಿ ಅಡಿಯ ಬೂಟು, ತೊಗಲಿನ ಗ್ಲೌಸ್, ಬಾವಲಿ ಹಿಕ್ಕೆಯ ಧೂಳಿಗೆ ಎನ್95 ಮಾಸ್ಕ್, ತಲೆಗೊಂದು ಕೈಗೊಂದು ಟಾರ್ಚ್, ಸೀಟಿ, ಒತ್ತಿ ಕಟ್ಟುವ ಬ್ಯಾಂಡೇಜ್. ಧನುರ್ವಾಯು ತಡೆಯುವ ಟಿಡಿ (ಹಿಂದಿನ ಟಿಟಿ) ಇಂಜೆಕ್ಷನ್ ಊರಿನಲ್ಲೇ ಹಾಕಿಸಿಕೊಂಡು ಬನ್ನಿ. ಒಳಗೆ ಇಬ್ಬರಾದರೆ ಹೊರಗೆ ಒಬ್ಬರು, ವಾಪಸ್ ಬರುವ ಹೊತ್ತು ಅವರಿಗೆ ಗೊತ್ತಿರಬೇಕು. ಕಲ್ಲುಮಣ್ಣಿನ ಗುಡ್ಡೆಗೆ ಬರಿಗೈ ಹಾಕಬೇಡಿ, ಹಾವಿರುತ್ತದೆ.

ಕಾಲು ಹಲಗೆಯೊಳಗೆ ಇಳಿದೇಬಿಟ್ಟರೆ ಎಳೆಯಬೇಡಿ. ಮುರಿದ ಸಿಬಿರು, ಮೊಳೆಗಳು ಕೆಳಮುಖವಾಗಿ ನಿಂತಿರುತ್ತವೆ, ಎಳೆದಷ್ಟೂ ಮಾಂಸಕ್ಕೆ ನಾಟುತ್ತವೆ. ಹಿಂದಕ್ಕೆ ಕೂತು, ಮೈಚಾಚಿ ಮಲಗಿ, ಕೈಗಳನ್ನು ಅಗಲಿಸಿ ಭಾರ ಹಂಚಿ. ಮುರಿದ ಚೂರುಗಳನ್ನು ಒಂದೊಂದಾಗಿ ಕೆಳಕ್ಕೆ ಒತ್ತಿ ಜಾಗಮಾಡಿ ಕಾಲು ತೆಗೆಯಿರಿ. ಬಂದ ದಾರಿಯಲ್ಲೇ ತೆವಳಿಕೊಂಡು ವಾಪಸಾಗಿ. ಜೊತೆಗಾರ ಓಡಿಬಂದು ಹಿಡಿಯಬಾರದು. ಬಾಗಿಲಲ್ಲೇ ಮಲಗಿ ಕೋಲನ್ನೋ ಹಗ್ಗವನ್ನೋ ಚಾಚಬೇಕು. ಯಾರಾದರೂ ಕೆಳಗೆ ಬಿದ್ದು ಕುತ್ತಿಗೆ, ಬೆನ್ನು ನೋವೆಂದರೆ ಎತ್ತಿ ಕೂರಿಸಬೇಡಿ, ಅಲುಗಾಡಿಸದೆ 108ಕ್ಕೆ ಕರೆಮಾಡಿ. ದೊಡ್ಡ ಪೆಟ್ಟಿಗೆ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು, ದಕ್ಷಿಣದಲ್ಲಿದ್ದರೆ ಹತ್ತಿರದ್ದು ಮಡಗಾವಿನ ಜಿಲ್ಲಾ ಆಸ್ಪತ್ರೆ. ಆಂಬ್ಯುಲೆನ್ಸಿಗೆ ದಾರಿ ಹೇಳುವಾಗ ಊರಿನ ಹೆಸರಿನ ಜೊತೆ ವಾಡೆಯ (ಊರೊಳಗಿನ ಕೇರಿಯ) ಹೆಸರು, ಹತ್ತಿರದ ಚಾಪೆಲ್ ಯಾವುದು ಎಂದು ಹೇಳಬೇಕಾಗುತ್ತದೆ. ಒಳಗೆ ಹೋಗುವ ಮುಂಚೆಯೇ ಅದನ್ನು ಕೇಳಿ ಬರೆದಿಟ್ಟುಕೊಳ್ಳಿ.