ಕಿಣ್ವಕ್ಕೆ ಹೊಸ ಕೆಲಸ ಕಲಿಸುವುದು

ಪೋಸ್ಟ್‌ಡಾಕ್ (ಪಿಎಚ್‌ಡಿ ಮುಗಿಸಿದ ಮೇಲಿನ ಸಂಶೋಧನಾ ಕೆಲಸ) ಅಂದರೆ ಏನು ಮಾಡುತ್ತೀಯ ಅಂತ ಯಾರಾದರೂ ಕೇಳಿದರೆ ನಾನು ಸಿಟಾಗ್ಲಿಪ್ಟಿನ್ ಕಥೆ ಹೇಳುತ್ತೇನೆ. ಸಕ್ಕರೆ ಕಾಯಿಲೆಯ ಮಾತ್ರೆ, ಗೊತ್ತಲ್ವಾ? ಮೊದಲು ಅದನ್ನು ತಯಾರಿಸಲು ರೋಡಿಯಂ ಎಂಬ ದುಬಾರಿ ಲೋಹ, ಜೊತೆಗೆ ಜಾಸ್ತಿ ಒತ್ತಡದ ಹೈಡ್ರೋಜನ್ ಬೇಕಿತ್ತು. ಮರ್ಕ್ ಮತ್ತು ಕೊಡೆಕ್ಸಿಸ್ ಕಂಪನಿಯವರು ಆ ಜಾಗಕ್ಕೆ ಟ್ರಾನ್ಸಮಿನೇಸ್ ಎಂಬ, ಅಣುವಿಗೆ ಅಮೈನೋ ಗುಂಪು ಸೇರಿಸುವ ಕಿಣ್ವ (ಎನ್‌ಜೈಮ್) ತಂದು 2010ರಲ್ಲಿ ಪ್ರಕಟಿಸಿದರು. ಮಜಾ ಏನೆಂದರೆ, ಔಷಧಿಯಾಗಿ ಬದಲಾಗಬೇಕಿದ್ದ ದೊಡ್ಡ ಅಣು ಮೂಲ ಕಿಣ್ವದೊಳಗೆ ಹಿಡಿಸುತ್ತಲೇ ಇರಲಿಲ್ಲ! ಮೊದಲು ಚಿಕ್ಕ ಅಣು ಕೊಟ್ಟು, ಒಳಗಿನ ಜಾಗ ಅಗಲಿಸಿ, ಆಮೇಲೆ ಕಿಣ್ವದ ಜೀನ್ ಬದಲಿಸುತ್ತಾ, ಚೆನ್ನಾಗಿ ದುಡಿದದ್ದನ್ನು ಮಾತ್ರ ಆರಿಸುತ್ತಾ, ಮತ್ತೆ ಬದಲಿಸುತ್ತಾ ಹೋದರು. ಕೊನೆಯ ಕಿಣ್ವ ಅರ್ಧದಷ್ಟು ಡಿಎಂಎಸ್‌ಒ ಎಂಬ ಸಾವಯವ ದ್ರಾವಕ ಇದ್ದ ದ್ರಾವಣದಲ್ಲೂ ಕೆಲಸ ಮಾಡಿತು. ಈ ಬಗೆಯ ವಿಕಾಸದ ದಾರಿಗೇ ರಸಾಯನ ವಿಜ್ಞಾನಿ ಫ್ರಾನ್ಸಿಸ್ ಅರ್ನಾಲ್ಡ್‌ಗೆ 2018ರ ನೊಬೆಲ್ ಬಂದದ್ದು. ಈಗೆಲ್ಲ ಕಂಪ್ಯೂಟರೇ ಮಾಡುತ್ತದೆ ಅಂತ ಸುಮ್ನೆ ಹೇಳುತ್ತಾರೆ. 96 ವೆಲ್ ಪ್ಲೇಟ್ (96 ಪುಟ್ಟ ಗುಳಿಗಳ ತಟ್ಟೆ) ಮುಂದೆ ಪಿಪೆಟ್ ಹಿಡಿದು ಕೂರುವವರು ಇನ್ನೂ ನಾವೇ.