ಸಾರಿನ ಕಲೆ ಕೆಂಪಾದ ಭಾನುವಾರ

ಮಗಳ ಬಿಳಿ ಅಂಗಿಯ ಮೇಲೆ ಬಿದ್ದಿದ್ದ ಸಾರಿನ ಕಲೆಗೆ ಬಟ್ಟೆ ಸೋಪು ಉಜ್ಜಿದೆ. ಹಳದಿ ಕಲೆ ಕಣ್ಣೆದುರೇ ಕೆಂಪಾಯಿತು. ಪಕ್ಕದಲ್ಲಿ ನಿಂತಿದ್ದ ಎಂಟು ವರ್ಷದ ಮಗಳು ಗಾಬರಿಯಿಂದ, “ಅಮ್ಮಾ, ಅಂಗಿಗೆ ಗಾಯವಾಯಿತೇ?” ಎಂದಳು.

ಬಣ್ಣ ಬದಲಿಸಿ ಹುಳಿಯನ್ನೂ ಅದಕ್ಕೆ ವಿರುದ್ಧ ಗುಣದ ಪ್ರತ್ಯಾಮ್ಲವನ್ನೂ ಗುರುತಿಸುವ ಲಿಟ್ಮಸ್ ಕಾಗದವನ್ನು ಕಾಲೇಜಿನಲ್ಲಿ ಅದ್ದಿ ಅಂಕ ಪಡೆದವಳು ನಾನು. ಅದೇ ಪಾಠ ಒಗೆಯುವ ಕಲ್ಲಿನ ಮೇಲೂ ನಡೆಯುತ್ತದೆ ಎಂದು ಅವಳಿಗೆ ತೋರಿಸಬೇಕೆಂಬುದು ಅಂದಿನವರೆಗೆ ಹೊಳೆದಿರಲಿಲ್ಲ. ಒಗೆಯುವುದನ್ನು ಅಲ್ಲಿಗೇ ಬಿಟ್ಟು ಅಡುಗೆಮನೆಗೆ ಬಂದೆವು. ಒಂದು ಚಮಚ ಅರಿಶಿನವನ್ನು ನೀರಿನಲ್ಲಿ ಕಲಸಿ ಬಿಳಿ ಕಾಗದಕ್ಕೆ ಬಳಿದೆವು. ಒಣಗಿದ ಮೇಲೆ ಪಟ್ಟಿಗಳಾಗಿ ಕತ್ತರಿಸಿದೆವು.

ನಿಂಬೆರಸ, ಹುಣಸೆ ನೀರು, ಮಜ್ಜಿಗೆ, ಯಾವುದಕ್ಕೂ ಪಟ್ಟಿಯ ಬಣ್ಣ ಕದಲಲಿಲ್ಲ. ಮಗಳ ಮುಖ ಬಾಡಿತು. ಅಡುಗೆ ಸೋಡಾ ಕದಡಿದ ನೀರು ತಾಗಿದ್ದೇ ತಡ, ಕಾಗದ ಕೆಂಪಾಯಿತು. ಅರಿಶಿನದಲ್ಲಿರುವ ಕರ್ಕ್ಯುಮಿನ್ ಹುಳಿಯ ಜೊತೆ ಹಳದಿಯಾಗಿಯೇ ಇರುತ್ತದೆ, ಸೋಡಾ, ಸೋಪಿನಂಥ ಪ್ರತ್ಯಾಮ್ಲ ಸೇರಿದರೆ ಕೆಂಪಾಗುತ್ತದೆ ಎಂದು ನಾನು ಹೇಳುತ್ತಿರುವಾಗಲೇ ಅವಳು ಆ ಕೆಂಪಿನ ಮೇಲೆ ನಿಂಬೆ ಹಿಂಡಿದಳು. ಸಣ್ಣಗೆ ನೊರೆಯೆದ್ದು ಹಳದಿ ಮರಳಿತು. ಹಾಗೆ ಮಾಡು ಎಂದು ನಾನು ಹೇಳಿರಲಿಲ್ಲ.

ಎಲೆ ಅಡಿಕೆ ಹಾಕುತ್ತಿದ್ದ ಅತ್ತೆ ಸುಣ್ಣದ ಡಬ್ಬಿಯೊಂದಿಗೆ ಒಳಗೆ ಬಂದರು. “ಆರತಿಯ ಓಕುಳಿ ನೀರು ಹೇಗೆ ಕೆಂಪಾಗುತ್ತದೆ ಅಂದುಕೊಂಡಿದ್ದೀಯೆ, ಪುಟ್ಟಿ?” ಅರಿಶಿನದ ನೀರಿಗೆ ಕಡಲೆಯಷ್ಟು ಸುಣ್ಣ ಹಾಕಿ ತಾವೇ ಕದಡಿದರು. ಡಬ್ಬಿಯನ್ನು ಅವಳ ಕೈಗೆ ಕೊಡಲಿಲ್ಲ. ಸುಣ್ಣ ಚರ್ಮವನ್ನು ಸುಡುತ್ತದೆ, ಕಣ್ಣಿಗಂತೂ ದೊಡ್ಡ ಅಪಾಯ. ಬಟ್ಟಲಿನ ನೀರು ಕೆಂಪೇರಿದಾಗ, ಹುಟ್ಟುಹಬ್ಬದ ದಿನ ತನಗೆ ನಿವಾಳಿಸಿದ್ದು ಇದನ್ನೇ ಎಂದು ಮಗಳು ಗುರುತಿಸಿದಳು.

“ಅಜ್ಜಿ, ಓಕುಳಿಗೆ ನಿಂಬೆ ಹಿಂಡಿದರೆ?”

ಅತ್ತೆ ಒಂದು ಕ್ಷಣ ಸುಮ್ಮನಿದ್ದು, “ಇಲ್ಲ ಪುಟ್ಟಿ, ಹಿಂಡಿ ನೋಡಿಲ್ಲ” ಎಂದರು. ಆ ಉತ್ತರ ನನಗೆ ಬಹಳ ಹಿಡಿಸಿತು. ಎಪ್ಪತ್ತು ದಾಟಿದವರು ಮೊಮ್ಮಗಳ ತಲೆಗೆ ತಲೆ ತಾಗಿಸಿ ಬಟ್ಟಲಿನ ಮೇಲೆ ಬಾಗಿದರು. ಒಂದು ಹೋಳು ಸಾಲಲಿಲ್ಲ. ಎರಡನೆಯದರ ಕೊನೆಯ ಹನಿಗಳು ಬೀಳುವಾಗ ನೀರು ಹಳದಿಗೆ ತಿರುಗಿತು. ಇಬ್ಬರೂ ಒಟ್ಟಿಗೆ ಚಪ್ಪಾಳೆ ತಟ್ಟಿದರು.

ಅಂಗಿಯ ಕಲೆ ತೊಳೆದರೂ ಉಳಿದಿತ್ತು. ಅರಿಶಿನದ ಬಣ್ಣ ಬಿಸಿಲಿಗೆ ಮಾಸುತ್ತದೆ; ಅಂಗಿಯನ್ನು ತಾರಸಿಯಲ್ಲಿ ಹರವಿದೆ. ಮಗಳು ಉಳಿದಿದ್ದ ಹಳದಿ ಪಟ್ಟಿಯೊಂದನ್ನು ತಂದು, ನಡುವೆ ನಾಣ್ಯವಿಟ್ಟು ಪಕ್ಕದಲ್ಲೇ ಇರಿಸಿದಳು. ಸಂಜೆ ಕಲೆ ತಿಳಿಯಾಗಿತ್ತು, ಪೂರ್ತಿ ಹೋಗಿರಲಿಲ್ಲ. ನಾಣ್ಯ ಎತ್ತಿದರೆ, ಮಾಸಿದ ಕಾಗದದ ನಡುವೆ ದುಂಡನೆಯ ಹಳದಿ.